ಡಬಲ್ ಲಾಕ್

ಮೊದಲ ಡೋಸಿಗೆ ಅವನು ಅವಳನ್ನು "ಸಿಸ್ಟರ್" ಅಂದಿದ್ದ. ಎರಡನೆಯದಕ್ಕೆ "ನೀವು" ಅಂದ. ಮೂರನೆಯದಕ್ಕೆ ತೋಳು ಚಾಚಿ, "ನೀನು ಚುಚ್ಚಿದ್ರೆ ನೋವೇ ಆಗಲ್ಲ" ಅಂದಾಗ ನರ್ಸಿನ ಕಿವಿ ಕೆಂಪಾಗಿ, ಅವಳು ಹತ್ತಿಯನ್ನು ಚುಚ್ಚದ ತೋಳಿಗೆ ಒತ್ತಿಬಿಟ್ಟಿದ್ದಳು.

ಅವನು ಬಸ್ ಸ್ಟ್ಯಾಂಡ್ ಹಿಂದಿನ ಬೀಗ ರಿಪೇರಿಯವನು. ದೊಡ್ಡವರಿಗೂ ಮಲೇರಿಯಾ ಲಸಿಕೆ ಕೊಟ್ಟು ನೋಡುತ್ತಿದ್ದ ಆಸ್ಪತ್ರೆಗೆ ತಾನಾಗಿಯೇ ಬಂದಿದ್ದ. ಹಿಂದೆ ಎಷ್ಟೋ ಸಲ ಮಲೇರಿಯಾ ಬಂದು ಹೋಗಿತ್ತು. ಅದೇ ಅವನ ಜಂಬ. ಆ ಜ್ವರದ್ದೊಂದು ಬೀಗ, ಅವಳ ಸೂಜಿಯದ್ದು ಇನ್ನೊಂದು, ಡಬಲ್ ಲಾಕ್ ಎಂದು ತನ್ನ ಸೊಳ್ಳೆ ಪರದೆ ಬಿಚ್ಚಿ ಅಕ್ಕನ ಮಗುವಿನ ತೊಟ್ಟಿಲಿಗೆ ಕಟ್ಟಿಬಂದಿದ್ದ. ಅದನ್ನು ಕೇಳಿ ಅವಳೂ ನಕ್ಕಿದ್ದಳು.

ಆ ನಗು ಈಗ ಅವಳನ್ನೇ ಚುಚ್ಚುತ್ತಿತ್ತು. ಬೆಳಿಗ್ಗೆ ಡಾಕ್ಟರು ಹೇಳಿದ್ದರು: ಮಲೇರಿಯಾ ಮೊದಲೇ ಬಂದವರಲ್ಲಿ ಕೆಲವರ ಮೈಗೆ ಈ ಲಸಿಕೆ ಅಷ್ಟಾಗಿ ಹತ್ತುತ್ತಿಲ್ಲ, ಯಾಕೆಂದು ಇನ್ನೂ ಪೂರ್ತಿ ಗೊತ್ತಿಲ್ಲ, ಯಾರೂ ಪರದೆ ಬಿಡಬಾರದು. ಅವಳು ಅವನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಆಮೇಲೆ ಓಡಿದಳು.

ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಒಳಗೆ, ಉರಿಬಿಸಿಲಲ್ಲೂ ಕಂಬಳಿ ಹೊದ್ದು, ಹಲಗೆಗೆ ಒರಗಿ ಕೂತಿದ್ದ. ಹಲಗೆಯಲ್ಲಿ ನೇತಾಡುವ ಕೀಲಿಗಳೆಲ್ಲ ಅವನ ನಡುಕಕ್ಕೆ ಕಿಣಿಕಿಣಿ ಅನ್ನುತ್ತಿದ್ದವು.

"ಏನಿಲ್ಲ, ಸಿಸ್ಟರ್," ಅಂದ.

ತಮಾಷೆಯಲ್ಲ ಅದು. ಅವನ ಕಣ್ಣು ಅವಳ ಮೇಲಿತ್ತು, ಕಣ್ಣಲ್ಲಿ ಅವಳಿರಲಿಲ್ಲ. ಈ ಜ್ವರ ತಲೆಗೇರಿದರೆ ಏನಾಗುತ್ತದೆಂದು ವಾರ್ಡಿನಲ್ಲಿ ಕಂಡವಳು ಅವಳು.

ಆಟೋದಲ್ಲಿ ತಬ್ಬಿ ಹಿಡಿದು ತಂದಳು. ರಕ್ತದಲ್ಲಿ ಮಲೇರಿಯಾ ಸಿಕ್ಕಿತು. ಎಂಥ ನರವನ್ನೂ ಹುಡುಕಬಲ್ಲ ಅವಳು ಅಂದು ಡ್ರಿಪ್ ಹಾಕಲು ಹಿರಿಯ ನರ್ಸನ್ನು ಕರೆದಳು. ಬೇಗ ತಂದದ್ದು ಒಳ್ಳೆಯದಾಯಿತು ಅಂದರು ಡಾಕ್ಟರು. ಉಳೀತಾನೆ ಅನ್ನಲಿಲ್ಲ. ಅವಳು ಮಂಚದ ಪಕ್ಕ ಕೂತಳು. ಅವನ ತುಟಿ ಅಲುಗಿದಾಗೆಲ್ಲ ಮತ್ತೆ "ಸಿಸ್ಟರ್" ಅಂದಾನೆಂದು ಜೀವ ಹಿಡಿಯಷ್ಟಾಗುತ್ತಿತ್ತು.

ಮರುದಿನ ಬೆವರಿಳಿದು ಮೈ ತಣಿಯಿತು. ಕಣ್ಣು ಬಿಟ್ಟವನ ಮೇಲೆ ಬಾಗಿ ಕೇಳಿದಳು. "ನಾನ್ಯಾರು?"

ಅವನು ಅವಳ ಊದಿದ ಕಣ್ಣನ್ನೇ ನೋಡಿದ.

"ಎಷ್ಟು ಅತ್ತಿದ್ದೀಯ ನೀನು," ಅಂದ.

ತಡೆದಿದ್ದೆಲ್ಲ ಬೈಗುಳವಾಗಿ ಹೊರಬಿತ್ತು. ಡಬಲ್ ಲಾಕಂತೆ, ಜಂಬವಂತೆ, ಪರದೆ ದಾನವಂತೆ. ಅವನು ಪೂರ್ತಿ ಕೇಳಿಸಿಕೊಂಡ.

"ಕಳ್ಳ ಕೈಯಾಡಿಸಿ ಹೋದ ಬೀಗ ಕಣೇ ಈ ಮೈ. ಹೊಸ ಕೀಲಿ ಸರಿಯಾಗಿ ಕೂರಲ್ಲ. ನನಗೇ ಹೊಳೀಬೇಕಿತ್ತು." ಆಮೇಲೆ, "ನಿಮ್ಮಪ್ಪನ್ನ ಒಂದು ಮಾತು ಕೇಳಬೇಕಿತ್ತು," ಅಂದ.

"ಏನಂತ?"

"ನಮ್ಮಪ್ಪನಿಗೆ ಬೀಗರಾಗ್ತಾರಾ ಅಂತ."

ಅವಳು ಮುಖ ಆಚೆ ತಿರುಗಿಸಿದಳು. "ಮೊದಲು ಹೊಸ ಪರದೆ ತಗೊಂಡು ಕಟ್ಟು."

"ಎಷ್ಟು ಅಗಲದ್ದು?"

"ಇಬ್ಬರಿಗಾಗೋ ಅಷ್ಟು," ಅಂದಳು. ಬೆರಳು ಮಾತ್ರ ಅವನ ನಾಡಿಯನ್ನು ಬಿಡಲಿಲ್ಲ.