ಸೈಕಲ್ ಬಾರದ ಮಾಸ್ತರರು

ದಂಡ ಕಟ್ಟಲಾರದಷ್ಟು ಬಡವರೇನಲ್ಲ ಉಜ್ಜಿನಪ್ಪ ಮಾಸ್ತರರು. ಆದರೆ ರಾತ್ರಿ ಹೊತ್ತು ದೀಪವಿಲ್ಲದ ಸೈಕಲ್ಲೆಂದು ಅವರನ್ನು ಬಳ್ಳಾರಿಯ ಕೌಲ್ ಬಜಾರಿನ ನಡುಬೀದಿಯಲ್ಲಿ ತಡೆದು, ಎರಡೂ ಚಕ್ರದ ಗಾಳಿ ಬಿಟ್ಟು, ಮೇಲೊಂದು ಕೇಸನ್ನೂ ಬರೆದ ಪೇದೆ ದುರುಗಣ್ಣ ಒಂದು ಕಾಲಕ್ಕೆ ಅವರೇ ಬೆಂಚಿನ ಮೇಲೆ ನಿಲ್ಲಿಸಿದ್ದ ಹುಡುಗ. ಈ ಅವಮಾನವನ್ನು ಮಾಸ್ತರರು ನುಂಗಲಾರದಾದರು. ಅದೂ ಅಲ್ಲದೆ ಹೆಡ್‌ಮಾಸ್ತರಿಕೆ ಇವತ್ತೋ ನಾಳೆಯೋ ಎನ್ನುವಂತಿತ್ತು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರೆ ಅದಕ್ಕೆ ಕಲ್ಲು ಬೀಳುತ್ತದೆಂಬ ಅಂಜಿಕೆ.

"ತಪ್ಪಾತು ಅಂದು ದಂಡ ಕಟ್ಟಿ ಬರ್ರಿ, ಮುಗೀತೈತಿ," ಎಂದಳು ಹೆಂಡತಿ ಚನ್ನವೀರಮ್ಮ.

"ನಿನಗ ಕಾನೂನು ತಿಳಿಯಂಗಿಲ್ಲ, ಸುಮ್ನಿರು."

ಮಾಸ್ತರರ ಯೋಜನೆ ಸರಳ, ಕೋರ್ಟಿನಲ್ಲಿ ಹೀಗೆ ಹೇಳುವುದು. ತಮಗೆ ಸೈಕಲ್ ತುಳಿಯಲು ಬರುವುದೇ ಇಲ್ಲ. ಸೈಕಲ್ಲು ಸಿರುಗುಪ್ಪದಲ್ಲಿರುವ ಹೆಂಡತಿಯ ತಮ್ಮ ಮರಿಬಸಪ್ಪನದು, ಅವನೇ ಬಂದು ಹಾಗೆಂದು ಸಾಕ್ಷಿ ಹೇಳುತ್ತಾನೆ. ತಾವು ಅದನ್ನು ತಳ್ಳಿಕೊಂಡು ನಡೆದು ಹೊರಟಿದ್ದರು, ಅಷ್ಟೇ. ತಳ್ಳುವ ಸೈಕಲ್ಲಿಗೆ ಯಾವ ಕಾನೂನು ದೀಪ ಕೇಳುತ್ತದೆ? ಅವರು ದಿನಾ ತುಳಿಯುವುದನ್ನು ಇಡೀ ಕೌಲ್ ಬಜಾರು ನೋಡಿದೆ, ನಿಜ. ಆದರೆ ಪೊಲೀಸರ ಪರ ಸಾಕ್ಷಿ ಹೇಳಲು ಕೌಲ್ ಬಜಾರಿನವನೊಬ್ಬ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ಯಾರೂ ನೋಡಿಲ್ಲ.

ವಾಯಿದೆ ಮೇಲೆ ವಾಯಿದೆ ಬಿತ್ತು. ಒಮ್ಮೆ ಮ್ಯಾಜಿಸ್ಟ್ರೇಟರು ರಜ, ಒಮ್ಮೆ ದುರುಗಣ್ಣ ಬಂದೋಬಸ್ತಿಗೆ ಹೋಗಿದ್ದ. ಪ್ರತಿ ಸಲವೂ ಮರಿಬಸಪ್ಪ ಸಿರುಗುಪ್ಪದಿಂದ ಬಂದು ಮಂಡಕ್ಕಿ ಮಿರ್ಚಿ ತಿಂದು, "ಇನ್ನೊಂದು ಪ್ಲೇಟ್ ಹೇಳ್ರಿ ಮಾವಾ, ಸುಳ್ಳು ಹೇಳಾಕ ತ್ರಾಣ ಬೇಕು," ಎನ್ನುತ್ತಿದ್ದ. ಮಾಸ್ತರರು ಸೈಕಲ್ಲನ್ನು ಮನೆಯಲ್ಲೇ ಬಚ್ಚಿಟ್ಟು ಬಳ್ಳಾರಿಯ ಬಿಸಿಲಲ್ಲಿ ನಡೆದೇ ಶಾಲೆಗೆ ಹೋದರು. ಅಂಗಾಲಲ್ಲಿ ಬೊಬ್ಬೆ ಎದ್ದಾಗಲೂ ಗೆಲುವು ಹತ್ತಿರವಾಯಿತೆಂದೇ ಅಂದುಕೊಂಡರು.

ಕಡೆಗೂ ವಿಚಾರಣೆ ಬಂತು. ಅವತ್ತೇ ಮರಿಬಸಪ್ಪನ ಬಸ್ಸು ದಾರಿಯ ತೆಕ್ಕಲಕೋಟೆಯಲ್ಲಿ ಕೆಟ್ಟು ತಡವಾಯಿತು. ಬೇರೆ ದಾರಿಯಿಲ್ಲದೆ ಮಾಸ್ತರರು ಸೈಕಲ್ ಹೊರತೆಗೆದು, ಬಸ್ ಸ್ಟ್ಯಾಂಡಿನಿಂದ ಅವನನ್ನು ಹಿಂದೆ ಕೂರಿಸಿಕೊಂಡು ಸಂದಿಗೊಂದಿಗಳಲ್ಲಿ ತುಳಿದರು. ಸೈಕಲ್ಲನ್ನು ದೂರದ ಹೋಟೆಲೊಂದರ ಹಿತ್ತಿಲಲ್ಲಿ ಅಡಗಿಸಿ, ಬೆವರು ಒರೆಸಿಕೊಂಡು, ನಡೆದು ಬಂದವರ ಹಾಗೆ ಏದುಸಿರು ಬಿಡುತ್ತ ಕೋರ್ಟು ಸೇರಿದರು. ಇಷ್ಟು ಮುಂದಾಲೋಚನೆ ಯಾವ ಕಳ್ಳನಿಗಿದ್ದೀತು ಎಂದು ತಮ್ಮನ್ನು ತಾವೇ ಮೆಚ್ಚಿಕೊಂಡರು.

"ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಜೈಲು, ನೌಕರಿಯೂ ಹೋಗುತ್ತೆ. ಗೊತ್ತಲ್ಲ ಮಾಸ್ತರೇ?" ಎಂದರು ಮ್ಯಾಜಿಸ್ಟ್ರೇಟರು.

"ಗೊತ್ತೈತ್ರಿ ಸ್ವಾಮಿ. ಹುಡುಗ್ರಿಗೆ ದಿನಾ ಅದನ್ನ ಕಲಿಸ್ತೀನಿ." ಮಾಸ್ತರರು ದೇವರ ಮೇಲೆ ಪ್ರಮಾಣ ಮಾಡಿದರು. "ನನಗ ಸೈಕಲ್ ಹೊಡಿಯಾಕ ಬರಂಗಿಲ್ರಿ. ಹುಟ್ಟಿದಾಗಿಂದ ಹತ್ತಿಲ್ಲ."

ಮ್ಯಾಜಿಸ್ಟ್ರೇಟರು ಅದನ್ನು ಬರೆದುಕೊಂಡರು. ದುರುಗಣ್ಣ ಪೆಚ್ಚಾಗಿ ನೆಲ ನೋಡುತ್ತ ನಿಂತಿದ್ದ. ನೋಡುತ್ತ ನೋಡುತ್ತ ಅವನ ಮುಖ ಅರಳಿತು. "ಸ್ವಾಮೀ, ಮಾಸ್ತರ್ರ ಬಲಗಾಲು ಒಂದೀಟು ನೋಡ್ರಿ," ಎಂದ. ಎಲ್ಲರೂ ನೋಡಿದರು, ಕಡೆಗೆ ಮಾಸ್ತರರೂ ಬಗ್ಗಿ ನೋಡಿಕೊಂಡರು. ಪ್ಯಾಂಟು ಚೈನಿಗೆ ಸಿಗದಿರಲೆಂದು ಸೈಕಲ್ ತುಳಿಯುವವರು ಹಾಕುವ ಉಕ್ಕಿನ ಕ್ಲಿಪ್ಪು ಬಲಗಾಲಿಗೆ ಬಿಗಿಯಾಗಿ ಕೂತಿತ್ತು.