ಈಜುಕೊಳದ ಗೇಟಿಗೆ ಇಟ್ಟಿಗೆ

ಈಜುಕೊಳದ ಗೇಟು ಹಾರುಹೊಡೆದಿತ್ತು. ಅದು ಮುಚ್ಚಿಕೊಳ್ಳದಂತೆ ಕೆಳಗೊಂದು ಇಟ್ಟಿಗೆ!

ಮಧುರಾ ಕೈಯಲ್ಲಿದ್ದ ಕಾಫಿ ಲೋಟವನ್ನು ಹುಲ್ಲಿನ ಮೇಲೇ ಇಟ್ಟು ಓಡಿದಳು. ನೀರಿನಲ್ಲಿ ನಾಲ್ಕೈದು ಎಲೆ ತೇಲುತ್ತಿದ್ದವು, ಅಷ್ಟೇ. ಎರಡು ವರ್ಷದ ಮಗಳು ಅದಿತಿ ಒಳಗೆ ಮಲಗಿದ್ದಾಳೆಂದು ಗೊತ್ತಿದ್ದರೂ ಕೊಳದ ತಳದವರೆಗೂ ಕಣ್ಣಾಡಿಸಿದಳು. ನಿನ್ನೆಯೂ ಹೀಗೇ ಆಗಿತ್ತು. ನಿನ್ನೆಯ ಇಟ್ಟಿಗೆಯನ್ನು ಅವಳೇ ಗಿಡಗಳ ಸಂದಿಗೆ ಎಸೆದಿದ್ದಳು. ಇವತ್ತು ಅದೇ ಇಟ್ಟಿಗೆ, ಕಾಲು ಬಂದ ಹಾಗೆ, ಮರಳಿ ಬಂದು ಕೂತಿದೆ.

ಅದೂ ಇವತ್ತೇ ಆಗಬೇಕೆ? ಮಧ್ಯಾಹ್ನ ಪೂಲ್ ಇನ್‌ಸ್ಪೆಕ್ಟರು ಬರುವವರಿದ್ದರು.

ಅದು ಎರಡು ಸಾವಿರದ ಹದಿನೈದರ ಅಕ್ಟೋಬರ್. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಈಜುಕೊಳ ಇದ್ದವರ ಬಾಯಲ್ಲೆಲ್ಲ ಕಾನೂನಿನದೇ ಮಾತು. ನವೆಂಬರ್ ಮುಗಿಯುವುದರೊಳಗೆ ಎಲ್ಲ ಮನೆಗಳ ಕೊಳವೂ ಹೊಸ ನಿಯಮಕ್ಕೆ ಹೊಂದಬೇಕು. ಎಯ್ಟ್ ಮೈಲ್ ಪ್ಲೇನ್ಸಿನ ಈ ಮನೆಯಲ್ಲಿ ಮಧುರಾ ಕೊಳವನ್ನು ನೋಂದಾಯಿಸಿದ್ದಳು. ಮಕ್ಕಳು ಹತ್ತಬಹುದಾದ ಕುರ್ಚಿ, ಹೂಕುಂಡಗಳನ್ನು ಬೇಲಿಯಿಂದ ದೂರ ಸರಿಸಿದ್ದಳು. ಮುಳುಗಿದವರಿಗೆ ಉಸಿರು ಕೊಡುವ ವಿಧಾನದ ಫಲಕ ತೂಗುಹಾಕಿದ್ದಳು. ತಾನಾಗಿ ಮುಚ್ಚಿಕೊಂಡು ತಾನಾಗಿ ಚಿಲಕ ಹಾಕಿಕೊಳ್ಳುವ ಹೊಸ ಗೇಟನ್ನೂ ಕೂರಿಸಿದ್ದಳು. ಅಂಥ ಗೇಟಿಗೆ ಏನನ್ನಾದರೂ ಒತ್ತುಕೊಟ್ಟು ತೆರೆದಿಡುವುದೇ ಅಪರಾಧ.

ಇಷ್ಟು ಅವಸರಕ್ಕೆ ಬೇರೆಯೇ ಕಾರಣವಿತ್ತು. ಮೂರು ವರ್ಷ ಕೆಲಸವಿಲ್ಲದೆ ಗೋಡೆಗಳ ಜೊತೆ ಮಾತಾಡುವ ಸ್ಥಿತಿಗೆ ಬಂದಿದ್ದ ಮಧುರಾ, ಮನೆಯಲ್ಲೇ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಶುರುಮಾಡಲು ಕೋರ್ಸು ಮುಗಿಸಿದ್ದಳು. ಎಲ್ಲ ಒಪ್ಪಿಗೆಯೂ ಸಿಕ್ಕಿತ್ತು. ಬಾಕಿ ಇದ್ದದ್ದು ಕೊಳದ ಸುರಕ್ಷತಾ ಪ್ರಮಾಣಪತ್ರ ಒಂದೇ.

"ಇಟ್ಟಿಗೆ ತೆಗೆದ್ರೆ ಆಯ್ತಲ್ಲ, ಅದಕ್ಯಾಕೆ ಇಷ್ಟು ಟೆನ್ಶನ್?" ಎಂದ ಗಂಡ ಅರ್ಜುನ, ಕಣ್ಣುಜ್ಜಿಕೊಳ್ಳುತ್ತ ಬಂದು.

"ಇವತ್ತು ತೆಗೀತೀನಿ. ನಾಳೆ ಬೇರೆಯವರ ಮಕ್ಕಳು ಇಲ್ಲಿ ಓಡಾಡ್ತಿರುವಾಗ ಮತ್ತೆ ಇಟ್ರೆ? ಯಾರು ಅಂತ ಗೊತ್ತಾಗೋವರೆಗೂ ನಾನು ಒಂದು ಮಗೂನೂ ತಗೊಳಲ್ಲ. ಇನ್‌ಸ್ಪೆಕ್ಟರ್‌ಗೆ ಬರಬೇಡಿ ಅಂತ ಫೋನ್ ಮಾಡ್ಬಿಡ್ತೀನಿ."

ಮಧುರಾ ಇಟ್ಟಿಗೆಯನ್ನು ಕಿತ್ತು ದೂರ ಇಟ್ಟಳು. ಅರ್ಜುನ ಗಂಭೀರನಾದ. ನೆಲ ನೋಡಿದ. ಮನೆಯ ಹಿಂಬಾಗಿಲಿನಿಂದ ಗೇಟಿನವರೆಗೆ ಟೈಲ್ಸಿನ ಮೇಲೆ ನೀರು!

"ಸಿಕ್ಕಿಬಿದ್ದ! ಯಾರೋ ಈಜಿ ಒಳಗೆ ಹೋಗಿದ್ದಾರೆ. ಈ ಮನೇಲಿ ಈಜೋ ಹುಚ್ಚು ಯಾರಿಗಿದೆ ಹೇಳು?"

ಆ ಹುಚ್ಚು ಇದ್ದದ್ದು ಅರ್ಜುನನ ತಮ್ಮ ಉತ್ತಮ್‌ಗೆ. ದೇಶದ ಇನ್ನೊಂದು ತುದಿಯ ಪರ್ತಿನ ಬೆಂಟ್ಲಿಯಲ್ಲಿ ಓದುತ್ತಿದ್ದವನು ರಜೆಗೆ ಬಂದು ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ. ಅಣ್ಣ ಹೊದಿಕೆ ಎಳೆದ.

"ಏಳೋ! ಈಜಿದ್ಯಾ?"

"ನಾನಾ? ನನ್ನ ಮೈಯಲ್ಲಿ ಇನ್ನೂ ಪರ್ತ್ ಟೈಮ್ ಓಡ್ತಿದೆ ಕಣೋ. ಅಲ್ಲಿನ್ನೂ ಬೆಳಗಾಗಿಲ್ಲ. ಎದ್ದೇ ಇಲ್ಲ ನಾನು!"

"ಆಣೆ ಮಾಡು!"

"ಅತ್ತಿಗೆ, ನೀವಾದ್ರೂ ನಂಬಿ!"

ಮಧುರಾ ನಂಬಲಿಲ್ಲ. ಆದರೂ ನ್ಯಾಯವಾಗಿ ಎಲ್ಲರನ್ನೂ ಕೇಳಬೇಕಲ್ಲ. ದೇವರ ಕೋಣೆಯ ಬಾಗಿಲಲ್ಲಿ ನಿಂತಳು. ಮೈಸೂರಿನಿಂದ ಮೂರು ವಾರದ ಹಿಂದಷ್ಟೇ ಬಂದ ಅತ್ತೆ ಸರಸ್ವತಿ ನವರಾತ್ರಿಯ ಪೂಜೆಯಲ್ಲಿ ಮುಳುಗಿದ್ದರು.

"ಅತ್ತೆ, ನೀವೇನಾದ್ರೂ ಬೆಳಿಗ್ಗೆ ಈಜಕ್ಕೆ ಹೋಗಿದ್ರಾ?"

"ಶಿವ ಶಿವ! ಈ ವಯಸ್ಸಲ್ಲಿ ನಾನು ಈಜೋದೇನೇ?" ಅತ್ತೆ ನಗುನಗುತ್ತ ಮಂತ್ರಕ್ಕೆ ಮರಳಿದರು.

ಅಲ್ಲಿಗೆ ತೀರ್ಪಾಯಿತು. ಉತ್ತಮ್ ಅಪರಾಧಿ. ಅಷ್ಟರಲ್ಲಿ ಹಿಂಬದಿಯಿಂದ ಒಂದು ದನಿ—

"ಎಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ಪಂಚಾಯ್ತಿ?"

ಪಕ್ಕದ ಮನೆಯ ನೊರೀನ್. ಮಂಗಳೂರಿನವರು, ಮಸ್ಕತ್ತಿನ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದು ಈ ಊರಿಗೆ ಬಂದವರು. ಬಾಯಿ ಹೇಳಿದ್ದನ್ನು ಬಿಟ್ಟು ಮೈ ಹೇಳಿದ್ದನ್ನು ನೋಡುವುದು ಅವರಿಗೆ ಅಭ್ಯಾಸ. ಮಧುರಾ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

"ಹುಡುಗನ ಟವೆಲ್ ಎಲ್ಲಿ ಉಂಟು?"

"ತಂತಿ ಮೇಲೆ."

ನೊರೀನ್ ಮುಟ್ಟಿ ನೋಡಿದರು. ಹಪ್ಪಳದ ಹಾಗೆ ಒಣಗಿತ್ತು. ಈಜುವ ಚಡ್ಡಿಯೂ ಹಾಗೇ. ಆಮೇಲೆ ಅವರು ಟೈಲ್ಸಿನ ಮೇಲೆ ಬಗ್ಗಿ, ಹಿಂಬಾಗಿಲಿನಿಂದ ಗೇಟಿನವರೆಗೆ ನಿಧಾನವಾಗಿ ನಡೆದರು.

"ಈ ಗೇಟಿನ ಚಿಲಕದ ಗುಂಡಿಯನ್ನು ಕೈಯಲ್ಲೇ ಎತ್ತಬೇಕಾ?"

"ಹೌದು."

"ಯಾರೆಲ್ಲ ಮುಟ್ತಾರೆ?"

"ಎಲ್ಲರೂ. ನಾವು, ಪೂಲ್ ಕ್ಲೀನ್ ಮಾಡೋನು, ಬಾರ್ಬೆಕ್ಯೂ ಊಟಕ್ಕೆ ಬಂದ ಫ್ರೆಂಡ್ಸು—ಯಾಕೆ ನೊರೀನ್ ಆಂಟಿ?"

ನೊರೀನ್ ಗೇಟು ತೆರೆದು ಒಳಗೆ ಹೋದರು. ಬೇಲಿಯ ಒಳಗೆ, ಪಂಪಿನ ಮರೆಯಲ್ಲಿದ್ದ ಕೆಂಪು ದಾಸವಾಳದ ಗಿಡದ ಮುಂದೆ ನಿಂತರು. ಗಿಡದ ತುಂಬ ಮೊಗ್ಗು. ಅರಳಿದ ಹೂವು ಒಂದೂ ಇಲ್ಲ. ನೊರೀನ್ ಮುಖದಲ್ಲಿ ನಗು ಇಣುಕಿತು.

"ಹುಡುಗನನ್ನು ಬಿಟ್ಟುಬಿಡಿ. ಅವನಲ್ಲ."

"ಮತ್ತೆ ಈ ನೀರು?" ಅರ್ಜುನ ಕೇಳಿದ.

"ನೀರನ್ನು ಎಲ್ಲರೂ ನೋಡಿದ್ದೀರಿ. ಅದು ಯಾವ ಕಡೆಗೆ ಹೋಗಿದೆ ಅಂತ ಯಾರೂ ನೋಡ್ಲಿಲ್ಲ. ಈಜಿದವರು ಕೊಳದ ಹತ್ರ ತೊಪ್ಪೆಯಾಗಿರ್ತಾರೆ, ಮನೆ ಹತ್ರ ಬರುವಾಗ ನೀರು ಕಡಿಮೆ ಆಗ್ತದೆ. ಇಲ್ಲಿ ನೋಡಿ—ಮನೆ ಬಾಗಿಲಲ್ಲಿ ನೀರು ನಿಂತಿದೆ, ಗೇಟಿನ ಹತ್ರ ಬರೀ ಹನಿ. ಈ ವ್ಯಕ್ತಿ ಕೊಳದಿಂದ ಒದ್ದೆಯಾಗಿ ಬಂದದ್ದಲ್ಲ. ಮನೆಯಿಂದಲೇ ಒದ್ದೆಯಾಗಿ ಹೋದದ್ದು!"

ಮೂವರೂ ಮುಖ ಮುಖ ನೋಡಿಕೊಂಡರು. ಮೈಯೆಲ್ಲ ಒದ್ದೆ ಮಾಡಿಕೊಂಡು ಈಜುಕೊಳಕ್ಕೆ ಹೋಗುವ ಪುಣ್ಯಾತ್ಮರು ಯಾರು?

"ಊರಲ್ಲಿ ನಮ್ಮ ಮನೆ ಪಕ್ಕ ಭಟ್ಟರ ಅಜ್ಜಿ ಇದ್ರು," ನೊರೀನ್ ಮುಂದುವರಿಸಿದರು. "ಬೆಳಿಗ್ಗೆ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲೇ ಹೂ ಕೊಯ್ಯಲಿಕ್ಕೆ ಬರ್ತಿದ್ರು. ನಾವು ಮಕ್ಕಳು ಓಡಿ ಹೋದ್ರೆ 'ಮಡಿ, ಮಡಿ, ದೂರ ನಿಲ್ಲಿ!' ಅಂತ ಬೊಬ್ಬೆ. ಮಡಿಯಲ್ಲಿದ್ದವರು ಊರವರೆಲ್ಲ ಮುಟ್ಟಿದ ಗುಂಡಿಯನ್ನು ಮುಟ್ತಾರಾ? ಇಲ್ಲ. ಅದಕ್ಕೆ ಸ್ನಾನಕ್ಕೆ ಮೊದಲೇ ಗೇಟಿಗೆ ಇಟ್ಟಿಗೆ."

ಮಧುರಾಳ ಬಾಯಿ ತೆರೆದೇ ಇತ್ತು. ದಿನವೂ ದೇವಿಯ ತಲೆಯ ಮೇಲೆ ಕೆಂಪು ದಾಸವಾಳ ನೋಡಿ ಕೈಮುಗಿದಿದ್ದಳು. ಅದು ಎಲ್ಲಿಂದ ಬಂತೆಂದು ಒಂದು ದಿನವೂ ಕೇಳಿರಲಿಲ್ಲ.

ಸರಸ್ವತಿ ಮಂಗಳಾರತಿ ಮುಗಿಸಿ ಹೊರಬಂದರು.

"ಆಂಟಿ, ಆ ಗೇಟಿಗೆ ಇಟ್ಟಿಗೆ ಇಟ್ಟದ್ದು ನೀವಾ?" ನೊರೀನ್ ಕೇಳಿದರು.

"ಹೂಂನಮ್ಮಾ, ನಾನೇ," ಎಂದರು ಸರಸ್ವತಿ, ಹೊತ್ತೆಷ್ಟು ಎಂದು ಕೇಳಿದವರಿಗೆ ಹೇಳುವ ಹಾಗೆ.

"ಅಮ್ಮಾ!" ಉತ್ತಮ್ ಕಿರುಚಿದ. "ನಾನಿಲ್ಲಿ ನೇಣಿಗೆ ಏರ್ತಿದ್ದೆ!"

"ಅತ್ತೆ, ಆಗ ಕೇಳಿದ್ನಲ್ಲ ನಾನು?"

"ಈಜಿದ್ರಾ ಅಂತ ಕೇಳ್ದೆ. ಇಟ್ಟಿಗೆ ವಿಷಯ ಯಾರು ಕೇಳಿದ್ರು? ದಿನಾ ನೀನು ಏಳೋಷ್ಟರಲ್ಲಿ ಪೂಜೆ ಮುಗಿಸಿ ತೆಗೆದುಬಿಡ್ತಿದ್ದೆ. ನವರಾತ್ರಿ ಅಂತ ಪೂಜೆ ಸ್ವಲ್ಪ ಉದ್ದ ಆಯ್ತು. ಅಷ್ಟಕ್ಕೇ ಇಷ್ಟು ರಂಪವೇ?"

ಆಗಲೇ ಅದಿತಿ ಎದ್ದು ಬಂದಳು. ಯಾರ ಕೈಗೂ ಸಿಗದೆ, ಬರಿಗಾಲಲ್ಲಿ, ನೇರ ಕೊಳದ ಕಡೆಗೆ ಓಡಿದಳು.

"ಅದಿತಿ, ಬಾ ಪುಟ್ಟಾ!"

"ನೋ ಅಜ್ಜಿ! ಐ ವಾಂಟ್ ವಾಟರ್!"

ಪುಟ್ಟ ಕೈಗಳು ಗೇಟನ್ನು ದೂಡಿದವು. ಇಟ್ಟಿಗೆ ಇರಲಿಲ್ಲ. ಗೇಟು ಅಲುಗಲಿಲ್ಲ. ಮಗು ಸಿಟ್ಟಿನಿಂದ ಮತ್ತೆ ಮತ್ತೆ ದೂಡಿತು.

ಸರಸ್ವತಿಯ ಮುಖದ ಬಣ್ಣ ಇಳಿಯಿತು. "ನಾನು ಒಳಗೆ ಕಣ್ಣು ಮುಚ್ಕೊಂಡು ಕೂತಿರ್ತೀನಲ್ಲೇ, ಮಧುರಾ… ಆ ಹೊತ್ತಲ್ಲಿ ಇವಳು ಎದ್ದು ಬಂದಿದ್ರೆ?"

ಮಧುರಾಗೆ ಅತ್ತೆಯ ಮೇಲಿದ್ದ ಕೋಪವೆಲ್ಲ ಕರಗಿ ಕಣ್ಣು ತುಂಬಿ ಬಂತು. ಸರಸ್ವತಿ ಮಡಿಸೀರೆಯಲ್ಲೇ ನಡೆದುಹೋಗಿ ಮೊಮ್ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡರು. ಇನ್ನೊಂದು ಕೈಯಿಂದ ಗುಂಡಿ ಎತ್ತಿದರು, ಗೇಟು ತೆರೆದರು, ಬಿಟ್ಟರು. ಅದು ಹಿಂದಕ್ಕೆ ಬಂದು ತಾನಾಗಿ ಮುಚ್ಚಿಕೊಂಡಿತು.

"ನಾಳೆಯಿಂದ ಹೀಗೇ ಹೂ ತರ್ತೀನಿ."

"ಅಮ್ಮಾ, ನಿಮ್ಮ ಮಡಿ?" ಉತ್ತಮ್ ಮೆಲ್ಲಗೆ ಕೇಳಿದ.

"ಒಳಗೆ ಕೂತಿರೋಳೂ ತಾಯೀನೇ ಕಣೋ. ಅವಳಿಗೆ ನಾನು ಹೇಳ್ಕೋತೀನಿ."

ಮಧ್ಯಾಹ್ನ ಇನ್‌ಸ್ಪೆಕ್ಟರು ಬಂದರು. ಬೇಲಿ ಅಳೆದರು, ಗೇಟನ್ನು ಹಲವು ಸಲ ತೆರೆದು ಬಿಟ್ಟು ನೋಡಿದರು. ಅಷ್ಟು ಸಲವೂ ಸರಸ್ವತಿ ಪರೀಕ್ಷೆಗೆ ಕೂತ ಮಗುವಿನ ತಾಯಿಯಂತೆ ಉಸಿರು ಬಿಗಿಹಿಡಿದು ನಿಂತಿದ್ದರು. ಪಾಸ್ ಎಂದಾಗ ಮೊದಲು ಚಪ್ಪಾಳೆ ತಟ್ಟಿದವರೂ ಅವರೇ.

ಮಧುರಾ ಫೋನ್ ಎತ್ತಿಕೊಂಡಳು. ಸೋಮವಾರ ಮಗುವನ್ನು ಬಿಡಬಹುದೋ ಇಲ್ಲವೋ ಎಂದು ಕಾದಿದ್ದ ಜೆಸಿಕಾಗೆ ಹೇಳಿದಳು:

"ಕರ್ಕೊಂಡು ಬನ್ನಿ. ಧೈರ್ಯವಾಗಿ ಬಿಟ್ಟು ಹೋಗಿ."