ಸಾಕ್ಷಿ ಹೇಳಿದ ಡ್ರೈವರ್

ತೆರೆಯ ಮೇಲೆ ಹೃದಯ ಬರಲಿಲ್ಲ.

ಆಸ್ಪತ್ರೆಯ ಸ್ಕ್ಯಾನ್ ವಿಭಾಗದ ಪುಟ್ಟ ಕೋಣೆ. ತಂತ್ರಜ್ಞೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಅವಳ ಬೆನ್ನ ಹಿಂದೆ ಸರ್ಜನ್ ನಿಂತಿದ್ದರು. ಮಧ್ಯಾಹ್ನ ಒಂದು ಪುಟ್ಟ ಹುಡುಗಿಗೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಹುಟ್ಟಿನಿಂದಲೇ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದ ಹೃದಯ ಅವಳದು. ಸ್ಕ್ಯಾನ್‌ಗಳನ್ನೆಲ್ಲ ಜೋಡಿಸಿ ತಂತ್ರಜ್ಞೆ ಅದರ ಮಾದರಿ ಮಾಡಿದ್ದಳು. ತೆರೆಯ ಮೇಲೆ ಅದನ್ನು ತಿರುಗಿಸಬಹುದು, ಸೀಳಬಹುದು, ಒಳಹೊಕ್ಕು ನೋಡಬಹುದು. ಎಲ್ಲಿ ಕತ್ತರಿ ಇಡಬೇಕೆಂದು ಸರ್ಜನ್ ಅದನ್ನು ನೋಡಿಯೇ ತೀರ್ಮಾನಿಸಬೇಕಿತ್ತು.

ಈಗ ಅಲ್ಲಿದ್ದದ್ದು ಬರೀ ಕಪ್ಪು ಚೌಕ. ಅದರ ಕೆಳಗೊಂದು ಸಾಲು: ಗ್ರಾಫಿಕ್ಸ್ ಕಾರ್ಡ್ ಸಿಗುತ್ತಿಲ್ಲ.

"ನಿನ್ನೆ ಇದರ ಡ್ರೈವರ್ ಸಾಫ್ಟ್‌ವೇರ್ ಬದಲಾಯಿಸಿದ್ದು ನೀವೇ ಅಲ್ವಾ?" ಸರ್ಜನ್ ಕೇಳಿದರು.

"ಹೌದು ಡಾಕ್ಟರ್. ಹೊಸದು ಹಾಕಿ, ಮಾದರಿ ತೆರೆದು ನೋಡಿದ್ದೆ. ಚೆನ್ನಾಗಿ ಓಡ್ತಿತ್ತು."

"ಸರಿಯಾಗಿದ್ದದ್ದನ್ನ ಮುಟ್ಟೋಕೆ ಹೋಗಿದ್ದಾದ್ರೂ ಯಾಕೆ?"

"ಹಳೇ ಡ್ರೈವರ್‌ನಲ್ಲಿ ಸಣ್ಣ ನಾಳಗಳು ಮಸುಕಾಗಿ ಕಾಣ್ತಿದ್ವು. ನಿಮಗೆ ಬೇಕಾಗಿರೋದೇ ಅವು."

ಸರ್ಜನ್ ಗಡಿಯಾರ ನೋಡಿಕೊಂಡರು. "ಇದು ಕಾಣದೆ ನಾನು ಎದೆ ತೆರೆಯಲ್ಲ. ಮುಂದಕ್ಕೆ ಹಾಕಿದ್ರೆ ಆ ಮಗು ತಡ್ಕೊಳ್ಳುತ್ತೆ ಅನ್ನೋ ಭರವಸೆಯೂ ನನಗಿಲ್ಲ."

ಆಸ್ಪತ್ರೆಯ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. "ತಪ್ಪು ಡ್ರೈವರ್ ಹಾಕಿದ್ರೆ ಹೀಗೇ ಆಗೋದು. ಕಾರ್ಡ್ ಸುಟ್ಟಿರುತ್ತೆ. ಕೊಡಿ, ಕಂಪನಿಗೆ ಕಳಿಸ್ತೀನಿ," ಎಂದ.

ತಂತ್ರಜ್ಞೆ ಲ್ಯಾಪ್‌ಟಾಪ್ ಮೇಲೆ ಕೈಯಿಟ್ಟಳು. "ಬೇಡ. ಏನಾಗಿದೆ ಅಂತ ಗೊತ್ತಾಗೋವರೆಗೂ ಇದು ಇಲ್ಲಿಂದ ಕದಲಲ್ಲ."

ಅವರು ಹೋದ ಮೇಲೆ ಫೋನ್ ತೆಗೆದಳು. "ಅಕ್ಕಾ, ಇದಕ್ಕೆ ಯಾರೋ ಕೈ ಹಾಕಿದ್ದಾರೆ. ಬೇಗ ಬಾ."

* * *

ಅಕ್ಕ ಪೊಲೀಸ್ ಇನ್ಸ್‌ಪೆಕ್ಟರ್. ಬಂದವಳೇ ಕುರ್ಚಿ ಎಳೆದುಕೊಂಡು ಕೂತಳು.

"ನಿನ್ನಿಂದಲೇ ತಪ್ಪಾಗಿರಬಹುದಾ?"

"ಎಲ್ಲರೂ ಹಾಗೇ ಅಂತಿದ್ದಾರೆ. ನಾನು ಹಾಕಿದ ಡ್ರೈವರ್ ಕೆಟ್ಟಿಲ್ಲ ಅಕ್ಕಾ. ನೋಡು."

ತಂಗಿ ಕೆಲಸಕ್ಕೆ ಇಳಿದಳು. ಯಂತ್ರವನ್ನು ಅತ್ಯಗತ್ಯದ್ದಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ಎಬ್ಬಿಸಿದಳು. ಇದ್ದ ಡ್ರೈವರ್ ಅನ್ನು ಬೇರುಸಮೇತ ಕಿತ್ತಳು. ಮತ್ತೆ ಹೊಸದನ್ನು ಹಾಕಿದಳು. ಒಪ್ಪಲಿಲ್ಲ. ಹಳೆಯದನ್ನು ಹಾಕಿದಳು. ಅದೂ ಒಪ್ಪಲಿಲ್ಲ. ಎರಡೂ ಸಲ ಒಂದೇ ಉತ್ತರ: ಈ ಯಂತ್ರದಲ್ಲಿ ತಕ್ಕ ಕಾರ್ಡ್ ಇಲ್ಲ.

"ಡ್ರೈವರ್ ಅಂದ್ರೆ ದುಭಾಷಿ ಇದ್ದ ಹಾಗೆ. ಕಂಪ್ಯೂಟರ್ ಹೇಳಿದ್ದನ್ನ ಚಿತ್ರ ಮೂಡಿಸೋ ಕಾರ್ಡ್‌ಗೆ ತಿಳಿಸುತ್ತೆ. ಇಲ್ಲಿ ಮಾತಾಡೋಣ ಅಂದ್ರೆ ಎದುರಿಗೆ ಯಾರೂ ಇಲ್ಲ."

"ಕಾರ್ಡ್ ಸುಟ್ಟಿದ್ರೂ ಹೀಗೇ ಹೇಳುತ್ತಾ?"

"ಹೇಳಬಹುದು." ತಂಗಿ ತೆರೆಯ ಮೇಲೆ ಬೆರಳಿಟ್ಟಳು. "ಆದ್ರೆ ಇದು ನೋಡು. ದೊಡ್ಡ ಕಾರ್ಡ್ ಅಲ್ಲದೆ, ಪ್ರೊಸೆಸರ್ ಒಳಗೇ ಒಂದು ಸಣ್ಣ ಗ್ರಾಫಿಕ್ಸ್ ಚಿಪ್ ಇರುತ್ತೆ. ಅದರ ಹೆಸರೂ ಬೇರೆ ಆಗಿದೆ. ಯಾವ ಡ್ರೈವರ್ ಹಾಕಿದ್ರೂ ಚಿಪ್ ಬದಲಾಗಲ್ಲ."

ಇನ್ಸ್‌ಪೆಕ್ಟರ್ ಹುಬ್ಬೇರಿಸಿದಳು. "ನಿನ್ನೆ ನೀನು ಹೋದ ಮೇಲೆ ಈ ಕೋಣೆಗೆ ಯಾರು ಬಂದಿದ್ರು?"

"ಇನ್ನೊಂದು ಬೀಗದ ಕೈ ಕನ್ನಡಕದವನ ಹತ್ತಿರ ಇದೆ."

* * *

ಕನ್ನಡಕದವನು ಎಂದರೆ ಪಕ್ಕದ ಮೇಜಿನ ಸಹೋದ್ಯೋಗಿ. ಈ ಲ್ಯಾಪ್‌ಟಾಪ್ ತನಗೆ ಸಿಗಬೇಕಿತ್ತೆಂದು ಬಹಳ ಸಲ ಗೊಣಗಿದ್ದವನು. ಇನ್ಸ್‌ಪೆಕ್ಟರನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

"ನಿನ್ನೆ ಸಂಜೆ ಒಳಗೆ ಬಂದಿದ್ರಿ."

"ಬಂದಿದ್ದೆ ಮೇಡಂ. ಕೆಡಿಸಿದ್ದು ನಾನಲ್ಲ."

"ಮತ್ತೆ ಬಂದಿದ್ದು ಯಾಕೆ?"

ಅವನು ನೆಲ ನೋಡಿದ. "ಗೇಮ್ ಆಡೋಕೆ. ಒಳ್ಳೆ ಕಾರ್ಡ್ ಇದೆಯಲ್ಲ, ಅಂತ ಆಸೆ. ಆದ್ರೆ ಗೇಮ್ ಶುರುವೇ ಆಗ್ಲಿಲ್ಲ. ನಾನೇ ಏನೋ ಕೆಡಿಸಿದೆ ಅಂತ ಹೆದರಿ ಬಾಯಿ ಮುಚ್ಕೊಂಡಿದ್ದೆ."

ಇನ್ಸ್‌ಪೆಕ್ಟರ್ ತಂಗಿಯ ಕಡೆ ತಿರುಗಿದಳು. "ಹಾಗಾದ್ರೆ ಸಂಜೆಗೆ ಮುಂಚೆಯೇ ಕೈಚಳಕ ನಡೆದಿದೆ. ನೀನು ಮಾದರಿ ನೋಡಿ ಮುಗಿಸಿದ ಮೇಲೆ ಇದು ಎಲ್ಲಿತ್ತು?"

ತಂಗಿ ಯೋಚಿಸಿದಳು. "ಊಟದ ಹೊತ್ತಿಗೆ ಸೂಪರ್‌ವೈಸರ್ ತಗೊಂಡು ಹೋಗಿದ್ರು. ಒಳಗಿನ ಫ್ಯಾನಿನ ಧೂಳು ತೆಗೀತೀನಿ ಅಂತ. ಈಗಷ್ಟೇ ಡ್ರೈವರ್ ಹಾಕಿದ್ದೀನಿ, ಹುಷಾರು ಅಂತ ನಾನೇ ಹೇಳಿ ಕೊಟ್ಟೆ. ಆಮೇಲೆ ವಾಪಸ್ ತಂದಿಟ್ಟಿದ್ರು. ನಾನು ತೆರೆದು ನೋಡ್ಲಿಲ್ಲ."

ಇನ್ಸ್‌ಪೆಕ್ಟರ್ ಲ್ಯಾಪ್‌ಟಾಪ್ ಎತ್ತಿ ಬೆಳಕಿಗೆ ಹಿಡಿದಳು. ಕೀಲಿಮಣೆಯ ಅಂಕಿಗಳು ಸವೆದು ಹೊಳೆಯುತ್ತಿದ್ದವು. ಅಕ್ಷರಗಳು ಹೊಸದರಂತಿದ್ದವು.

"ನೀನು ಇದರಲ್ಲಿ ಅಂಕಿ ಒತ್ತುತ್ತಾ ಕೂತಿರ್ತೀಯಾ?"

"ಇಲ್ಲ. ನನ್ನ ಕೆಲಸವೆಲ್ಲ ಮೌಸ್‌ನಲ್ಲೇ." ತಂಗಿ ಕೀಲಿಗಳನ್ನು ಸವರಿ ನೋಡಿದಳು. "ಅಕ್ಕಾ, ಇದು ನನ್ನ ಲ್ಯಾಪ್‌ಟಾಪೇ ಅಲ್ಲ."

"ಈ ಆಸ್ಪತ್ರೆಯಲ್ಲಿ ದಿನವಿಡೀ ಅಂಕಿ ಒತ್ತೋರು ಯಾರು?"

* * *

ರಿಸೆಪ್ಷನ್‌ನ ಹೆಂಗಸು ಒಂದೇ ನೋಟಕ್ಕೆ ಗುರುತು ಹಿಡಿದಳು. "ಇದು ನಮ್ಮದೇ. ಎಲ್ಲರ ಫೋನ್ ನಂಬರ್ ಒತ್ತಿ ಒತ್ತಿ ಸವೆಸಿದ್ದು ನಾನೇ. ರಿಪೇರಿಗೆ ಅಂತ ಸೂಪರ್‌ವೈಸರ್ ಒಯ್ದಿದ್ರು."

ಇನ್ಸ್‌ಪೆಕ್ಟರ್ ಸರ್ಜನ್‌ರನ್ನೂ ಕರೆದುಕೊಂಡು ರಿಪೇರಿ ಕೋಣೆಗೆ ನಡೆದಳು. ತಂಗಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಹಿಂದೆ ಬಂದಳು.

"ರಿಸೆಪ್ಷನ್ ಲ್ಯಾಪ್‌ಟಾಪ್ ಎಲ್ಲಿ?" ಇನ್ಸ್‌ಪೆಕ್ಟರ್ ಕೇಳಿದಳು.

"ಕಂಪನಿಗೆ ಹೋಗಿದೆ ಮೇಡಂ. ಇನ್ನೂ ಬಂದಿಲ್ಲ," ಎಂದ ಸೂಪರ್‌ವೈಸರ್.

"ಬಂದಿದೆ. ಇವಳ ಕೈಯಲ್ಲಿದೆ."

ಅವನು ನಗಲು ನೋಡಿದ. ಇನ್ಸ್‌ಪೆಕ್ಟರ್ ಮುಂದುವರಿಸಿದಳು.

"ಎರಡೂ ಒಂದೇ ಕಂಪನಿಯವು. ಹೊರಗಿನಿಂದ ಅವಳಿಜವಳಿ. ಒಂದರಲ್ಲಿ ದೊಡ್ಡ ಕಾರ್ಡ್ ಇದೆ, ಇನ್ನೊಂದರಲ್ಲಿ ಇಲ್ಲ. ನೀವು ನಿನ್ನೆ ಹಾರ್ಡ್ ಡಿಸ್ಕನ್ನೂ ನಂಬರ್ ಅಂಟಿಸಿದ ಕೆಳಗಿನ ಮುಚ್ಚಳವನ್ನೂ ಅದಲುಬದಲು ಮಾಡಿದ್ರಿ. ತೆರೆದ್ರೆ ಇವಳ ಕಡತಗಳೇ, ತಿರುಗಿಸಿದ್ರೆ ಇವಳ ನಂಬರೇ. ಡ್ರೈವರ್ ಬದಲಾಯಿಸಿದ ದಿನವೇ ಕದ್ರೆ ದೂರು ಡ್ರೈವರ್ ಮೇಲೆ ಬೀಳುತ್ತೆ. ಸುಟ್ಟಿದೆ ಅಂತ ಹೇಳಿ ಇದನ್ನೂ ಮಾಯ ಮಾಡಿದ್ರೆ ಕೇಳೋರೇ ಇಲ್ಲ. ಆದ್ರೆ ಕಾರ್ಡ್ ಬೋರ್ಡಿಗೇ ಬೆಸೆದಿರುತ್ತೆ. ಡಿಸ್ಕಿನ ಹಾಗೆ ಅದನ್ನ ಬಿಚ್ಚಿ ಇದರೊಳಗೆ ಕೂರಿಸೋಕೆ ಆಗಲ್ಲ. ಇಲ್ಲದ ಕಾರ್ಡನ್ನ ಡ್ರೈವರ್ ಇಲ್ಲ ಅಂತಲೇ ಹೇಳ್ತು. ಇವಳು ಆ ಮಾತನ್ನ ನಂಬಿದ್ಲು."

"ಇದೆಲ್ಲ ಊಹೆ," ಎಂದ ಅವನು.

ತಂಗಿ ಮುಂದೆ ಬಂದು ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು, ಯಂತ್ರದ ಮೂಲ ಮಾಹಿತಿ ತೋರಿಸುವ ಬಯಾಸ್ ಪುಟ ತೆರೆದಳು. "ಮುಚ್ಚಳ ಬದಲಾಯಿಸಬಹುದು. ಬೋರ್ಡಿನ ಒಳಗೆ ಬರೆದ ನಂಬರ್ ಬದಲಾಯಿಸೋದು ಮರೆತ್ರಿ. ಎರಡೂ ಬೇರೆ ಬೇರೆ ಇವೆ, ನೀವೇ ಓದಿ."

ಅವನು ಓದಲಿಲ್ಲ. ಅವನ ಕಣ್ಣು ಮೂಲೆಯಲ್ಲಿದ್ದ ಬ್ಯಾಟರಿ ಪೆಟ್ಟಿಗೆಯ ಕಡೆ ಹೋಗಿ ಬಂತು. ಇನ್ಸ್‌ಪೆಕ್ಟರ್‌ಗೆ ಅಷ್ಟು ಸಾಕಾಗಿತ್ತು.

"ನೀವೇ ತೆಗೀತೀರೋ, ಠಾಣೆಯವರು ಬಂದು ತೆಗೀಲೋ?"

ಪೆಟ್ಟಿಗೆಯೊಳಗೆ ಬಟ್ಟೆ ಸುತ್ತಿದ ಲ್ಯಾಪ್‌ಟಾಪ್ ಇತ್ತು. "ವಿಡಿಯೋ ಮಾಡೋನೊಬ್ಬ ಇಂಥದ್ದೇ ಬೇಕು ಅಂತ ಬೆನ್ನು ಬಿದ್ದಿದ್ದ," ಎಂದ ಸೂಪರ್‌ವೈಸರ್, ತಗ್ಗಿದ ದನಿಯಲ್ಲಿ. "ಇವತ್ತೇ ಆಪರೇಷನ್ ಇದೆ ಅಂತ ಗೊತ್ತಿರಲಿಲ್ಲ."

"ಅದನ್ನ ಠಾಣೆಯಲ್ಲಿ ಹೇಳಿ," ಎಂದಳು ಇನ್ಸ್‌ಪೆಕ್ಟರ್. "ತಂಗಿ ಕೇಸು, ನಾನು ಬರೆಯೋ ಹಾಗಿಲ್ಲ. ಬೇರೆಯವರು ಬರ್ತಾರೆ."

ತಂಗಿಗೆ ಅದನ್ನೆಲ್ಲ ಕೇಳುವ ವ್ಯವಧಾನ ಇರಲಿಲ್ಲ. ಆಗಲೇ ಸ್ಕ್ರೂ ಬಿಚ್ಚಿ ತನ್ನ ಡಿಸ್ಕನ್ನು ತನ್ನ ಯಂತ್ರಕ್ಕೆ ಕೂರಿಸುತ್ತಿದ್ದಳು. ಡ್ರೈವರ್ ಹಾಕಿದಳು. ತೆರೆ ಒಮ್ಮೆ ಕಪ್ಪಾಯಿತು, ಮಿನುಗಿತು, ನಿಂತಿತು. ಹೃದಯ ಬಂತು. ತಿರುಗಿತು. ಕೂದಲೆಳೆಯಂಥ ನಾಳಗಳೂ ಒಂದೊಂದಾಗಿ ಎದ್ದು ಕಂಡವು.

ಸರ್ಜನ್ ಬಗ್ಗಿ ನೋಡಿದರು. "ಈ ಹಿಂದಿನ ನಾಳ. ಇದು ಮೊನ್ನೆ ತೋರಿಸಿದ ಚಿತ್ರದಲ್ಲಿ ಇರಲಿಲ್ಲ."

"ಇತ್ತು ಡಾಕ್ಟರ್. ಹಳೇ ಡ್ರೈವರ್ ತೋರಿಸ್ತಿರಲಿಲ್ಲ."

ಸರ್ಜನ್ ನೆಟ್ಟಗೆ ನಿಂತರು. "ನಾನು ಅಲ್ಲೇ ಕತ್ತರಿ ಇಡೋದಿತ್ತು. ಬೆಳಗ್ಗೆ ಆಡಬಾರದ ಮಾತು ಆಡಿದೆ. ತಪ್ಪು ನನ್ನದು. ನೀವು ಥಿಯೇಟರ್ ಒಳಗೆ ಬನ್ನಿ. ನಾನು ಹೊಲಿಯುವಾಗ ನನ್ನ ಪಕ್ಕದಲ್ಲಿ ಇದನ್ನ ತಿರುಗಿಸ್ತಾ ನಿಲ್ಲಿ."

* * *

ಸೂರ್ಯ ಇಳಿಯುವ ಹೊತ್ತಿಗೆ ಥಿಯೇಟರಿನ ಬಾಗಿಲು ತೆರೆಯಿತು. ಮಗು ಬದುಕಿತ್ತು.

ಹಸಿರು ಟೋಪಿಯಲ್ಲಿ ತಂಗಿ ಹೊರಬಂದಳು. ಮುಖ ಬೆಳಗುತ್ತಿತ್ತು. ಮಗುವಿನ ತಾಯಿ ಅವಳ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಗೋಡೆಗೊರಗಿ ನಿಂತಿದ್ದ ಇನ್ಸ್‌ಪೆಕ್ಟರ್ ಹತ್ತಿರ ಬಂದು ಕೇಳಿದಳು.

"ಕಳ್ಳನನ್ನ ಹಿಡಿದೋರು ನೀವೇ ಅಂತೆ?"

"ಹಿಡಿದಿದ್ದು ಅವಳು," ಎಂದಳು ಇನ್ಸ್‌ಪೆಕ್ಟರ್, ಕಣ್ಣು ತಂಗಿಯ ಮೇಲಿಂದ ಕೀಳದೆ. "ನಾನು ಅವಳ ಅಕ್ಕ."